ಹದಿನೆಂಟು ಲಕ್ಷ ಮೇಲ್ ಸೋತವು, 36.9 ಗೆದ್ದಿತು

ಸರ್ಕಾರದಿಂದ ಕೆಲಸ ಆಗಬೇಕಾದ ಕಂಪನಿಗಳವರ ಬಾಯಲ್ಲಿ ಈಗ ಎಲ್ಲಿ ನೋಡಿದರೂ ಡೇಟಾ ಜಪ. ಮೊದಲು ಪರಿಚಯದವರನ್ನು ಹಿಡಿದು, ಸಚಿವರ ಆಪ್ತ ಸಹಾಯಕರಿಗೆ ಫೋನ್ ಮಾಡಿಸಿ, ಶಾಲು ಹಾರದ ಜೊತೆ ಮನವಿ ಪತ್ರ ಕೊಟ್ಟು ಬರುತ್ತಿದ್ದರು. ಈಗ ಅದರ ಜೊತೆಗೆ ದಪ್ಪನೆಯ ಪಿಪಿಟಿಯೂ ಹೋಗುತ್ತದೆ. (ಶಾಲು ಹಾರ ನಿಂತಿಲ್ಲ, ಅದು ಬೇರೆ ಮಾತು.) ಆದರೆ ಡೇಟಾ ಜಾಸ್ತಿ ಇದ್ದವರೇ ಗೆಲ್ಲುತ್ತಾರೆ ಅನ್ನೋದನ್ನು ನಾನು ಒಪ್ಪುವುದಿಲ್ಲ. 2016ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಎರಡು ನಿಯಮಗಳಿಗೆ ಏನಾಯಿತು ಅಂತ ನೋಡಿ.

ಮೊದಲನೆಯದು ನಾವೀಗ ಓದುತ್ತಾ ಕೂತಿರುವ ಈ ಫೇಸ್‌ಬುಕ್‌ನದೇ ಕಥೆ. ರಿಲಯನ್ಸ್ ಕಮ್ಯುನಿಕೇಶನ್ಸ್ (ಜಿಯೋ ಅಲ್ಲ, ತಮ್ಮ ಅನಿಲ್ ಅಂಬಾನಿಯ ಕಂಪನಿ) ಜೊತೆ ಸೇರಿ ಅವರು ‘ಫ್ರೀ ಬೇಸಿಕ್ಸ್’ ತಂದಿದ್ದರು. ಕೆಲವೇ ವೆಬ್‌ಸೈಟ್‌ಗಳು ಉಚಿತ, ಉಳಿದ ಇಂಟರ್ನೆಟ್‌ಗೆ ದುಡ್ಡು. 2015ರ ಡಿಸೆಂಬರ್‌ನಲ್ಲಿ ಟ್ರಾಯ್ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಅದರಲ್ಲಿ ಇದ್ದದ್ದು ನಾಲ್ಕೇ ಪ್ರಶ್ನೆ. ಬೇರೆ ಬೇರೆ ವೆಬ್‌ಸೈಟಿಗೆ ಬೇರೆ ಬೇರೆ ದರ ಇಡಲು ಬಿಡಬೇಕೇ? ಬಿಟ್ಟರೆ ತಾರತಮ್ಯ ಆಗದಂತೆ ತಡೆಯುವುದು ಹೇಗೆ? ಉಚಿತ ಇಂಟರ್ನೆಟ್ ಕೊಡಲು ಬೇರೆ ದಾರಿ ಇದೆಯೇ? ಕೊನೆಯದು, ಇನ್ನೇನಾದರೂ ಹೇಳುವುದಿದ್ದರೆ ಹೇಳಿ.

ಫೇಸ್‌ಬುಕ್ ಏನು ಮಾಡಿತು? ಒಂದು ಬಟನ್ ಇಟ್ಟಿತು. ಒತ್ತಿದರೆ ನಿಮ್ಮ ಹೆಸರಲ್ಲಿ ಸಿದ್ಧ ಮೇಲ್ ಟ್ರಾಯ್‌ಗೆ ಹೋಗುತ್ತಿತ್ತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು, ರಸ್ತೆ ಬದಿಯಲ್ಲಿ ಹೋರ್ಡಿಂಗ್. ಜುಕರ್‌ಬರ್ಗ್ ಸ್ವತಃ ಲೇಖನ ಬರೆದು ಮಹಾರಾಷ್ಟ್ರದ ಗಣೇಶ್ ಎಂಬ ರೈತನ ಕಥೆ ಹೇಳಿದರು. ಟ್ರಾಯ್‌ಗೆ ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ 18 ಲಕ್ಷಕ್ಕೂ ಹೆಚ್ಚು ಈ ಬಟನ್ ಕೃಪೆ. ಆದರೆ ಅವುಗಳಲ್ಲಿ ಬಹುಪಾಲು ‘ನಾನು ಫ್ರೀ ಬೇಸಿಕ್ಸ್ ಬೆಂಬಲಿಸುತ್ತೇನೆ’ ಅಂದವೇ ಹೊರತು ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನಾವು ಕೇಳುತ್ತಿರುವುದು ಅಭಿಪ್ರಾಯ, ನೀವು ಇದನ್ನು ವೋಟಿಂಗ್ ಮಾಡಿಬಿಟ್ಟಿರಿ ಅನ್ನುವ ಅರ್ಥದಲ್ಲಿ ಟ್ರಾಯ್ ಕಂಪನಿಗೆ ಖಾರವಾಗಿಯೇ ಪತ್ರ ಬರೆಯಿತು. 2016ರ ಫೆಬ್ರವರಿ 8ಕ್ಕೆ ನಿಯಮ ಬಂತು. ತಾರತಮ್ಯದ ದರಕ್ಕೆ ನಿಷೇಧ, ಮೀರಿದರೆ ದಿನಕ್ಕೆ 50 ಸಾವಿರ ರೂಪಾಯಿ ದಂಡ.

ಫ್ರೀ ಬೇಸಿಕ್ಸ್ ಬೇಡ ಅಂದವರೂ ಮೇಲ್‌ಗಳ ಮಳೆ ಸುರಿಸಿದ್ದರಲ್ಲ ಅಂತ ಕೇಳಬಹುದು. ನಿಜ. 2015ರ ಏಪ್ರಿಲ್‌ನಲ್ಲಿ, ಟ್ರಾಯ್‌ನ ಹಿಂದಿನ ಸಮಾಲೋಚನಾ ಪತ್ರಕ್ಕೆ, ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್‌ನಲ್ಲಿ ಎಲ್ಲ ವೆಬ್‌ಸೈಟನ್ನೂ ಒಂದೇ ರೀತಿ ನೋಡಬೇಕು ಅನ್ನುವ ತತ್ವ) ಪರವಾಗಿ 10 ಲಕ್ಷಕ್ಕೂ ಜಾಸ್ತಿ ಮೇಲ್ ಹೋಗಿದ್ದವು. (ಟ್ರಾಯ್ ಆಗ ಕಳಿಸಿದವರ ಮೇಲ್ ವಿಳಾಸಗಳ ಸಮೇತ ಎಲ್ಲವನ್ನೂ ಆನ್‌ಲೈನ್‌ನಲ್ಲಿ ಹಾಕಿ ಉಗಿಸಿಕೊಂಡಿತ್ತು.) ಅವೂ ಒಂದೇ ಅಚ್ಚಿನವು. ಆದರೆ ಟ್ರಾಯ್ ಕೇಳಿದ್ದ 20 ಪ್ರಶ್ನೆಗಳಿಗೂ ಸ್ವಯಂಸೇವಕರು ಕೂತು ಉತ್ತರ ಬರೆದಿದ್ದರು. ನಮ್ಮ ನಂದನ್ ನಿಲೇಕಣಿಯವರು ಫ್ರೀ ಬೇಸಿಕ್ಸ್ ಬೇಡ ಅನ್ನುವುದರ ಜೊತೆಗೆ, ಬಡವರಿಗೆ ಸರ್ಕಾರವೇ ನೇರವಾಗಿ ಡೇಟಾ ಪ್ಯಾಕ್ ಕೊಡಲಿ ಎಂದು ಬರೆದರು. ಡಿಸೆಂಬರ್ ಪತ್ರದ ಮೂರನೇ ಪ್ರಶ್ನೆಗೆ ನೇರ ಉತ್ತರ ಅದು.

ತಮಾಷೆ ಅಂದರೆ, ಫೇಸ್‌ಬುಕ್ ಬಳಿ ನಿಜವಾಗಿಯೂ ಕೆಲಸಕ್ಕೆ ಬರುವ ಅಂಕಿ ಇತ್ತು. ಫ್ರೀ ಬೇಸಿಕ್ಸ್ ಮೂಲಕ ಮೊದಲ ಸಲ ಆನ್‌ಲೈನ್ ಬಂದವರಲ್ಲಿ ಅರ್ಧದಷ್ಟು ಜನ 30 ದಿನಗಳೊಳಗೆ ದುಡ್ಡು ಕೊಟ್ಟು ಪೂರ್ತಿ ಇಂಟರ್ನೆಟ್ ಬಳಸುತ್ತಾರೆ ಎಂದು ಜುಕರ್‌ಬರ್ಗ್ ತಮ್ಮ ಲೇಖನದಲ್ಲೇ ಬರೆದಿದ್ದರು. ಇಡೀ ಚರ್ಚೆ ನಿಂತಿದ್ದು ಅದರ ಮೇಲೆ. ಪ್ರಚಾರವೆಲ್ಲ ಆ ಅಂಕಿಯ ಸುತ್ತ ನಡೆಯಬೇಕಿತ್ತು, ಬಟನ್ ಸುತ್ತ ಅಲ್ಲ.

ಎರಡನೆಯದು ಕಾಲ್ ಡ್ರಾಪ್ ಪ್ರಕರಣ. ಕಾಲ್ ಕಟ್ಟಾದರೆ ಗ್ರಾಹಕನಿಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ 3 ಸಲ ಕೊಡಬೇಕು ಎಂದು ಟ್ರಾಯ್ ನಿಯಮ ಮಾಡಿತ್ತು. ನನಗೂ ನಿಮಗೂ ಇಷ್ಟವಾಗುವ ನಿಯಮ, ಅಲ್ವಾ? ಕಂಪನಿಗಳು ದೆಹಲಿ ಹೈಕೋರ್ಟಿನಲ್ಲಿ ಸೋತವು. ಸುಪ್ರೀಂ ಕೋರ್ಟಿಗೆ ಹೋದವು. ಅಲ್ಲಿ ಕೆಲಸಕ್ಕೆ ಬಂದದ್ದು ಟ್ರಾಯ್‌ನದೇ ತಾಂತ್ರಿಕ ಪತ್ರದಲ್ಲಿದ್ದ ಅಂಕಿ. ಕಟ್ಟಾಗುವ ಕಾಲ್‌ಗಳಲ್ಲಿ ಸರಾಸರಿ ಶೇ 36.9ರಷ್ಟು ಕಟ್ಟಾಗುವುದು ಗ್ರಾಹಕರ ಕಡೆಯ ಕಾರಣದಿಂದ! ಜೊತೆಗೆ, ಶೇ 2ರವರೆಗೆ ಕಾಲ್ ಡ್ರಾಪ್ ಆಗಬಹುದು ಎಂದು ಟ್ರಾಯ್‌ನ ಗುಣಮಟ್ಟದ ನಿಯಮವೇ ಒಪ್ಪುತ್ತಿತ್ತು. ಹಾಗಾದರೆ ಪ್ರತಿ ಕಾಲ್‌ಗೂ ಕಂಪನಿಯೇ ದಂಡ ಏಕೆ ಕಟ್ಟಬೇಕು? 2016ರ ಮೇ 11ರಂದು ನ್ಯಾಯಮೂರ್ತಿ ನಾರಿಮನ್ ಅವರಿದ್ದ ಪೀಠ ನಿಯಮವನ್ನು ರದ್ದು ಮಾಡಿತು. ಹೀಗೆ ನಿಯಮ ಮಾಡುವಾಗ ಪಾರದರ್ಶಕತೆ ಇರಬೇಕು, ಅದಕ್ಕೆ ಸಂಸತ್ತು ಕಾನೂನು ತರಲಿ ಎಂದೂ ಹೇಳಿತು.

ಗ್ರಾಹಕನಾಗಿ ನನಗೆ ಆ ತೀರ್ಪು ಇವತ್ತಿಗೂ ಉರಿ. ಲಿಫ್ಟಿನ ಪಕ್ಕದಲ್ಲಿ ಕಾಲ್ ಕಟ್ಟಾದಾಗಲೆಲ್ಲ ಬೈಯುತ್ತೇನೆ. ಆದರೂ ತಂತ್ರ ಅಂದರೆ ಅದು. ಅಧಿಕಾರಿಯಾಗಲಿ ನ್ಯಾಯಾಧೀಶರಾಗಲಿ, ಕೊನೆಗೆ ಕಾರಣ ಕೊಟ್ಟು ಬರೆಯಬೇಕು. ಫೈಲಿನಲ್ಲಿ ಟಿಪ್ಪಣಿ ಹಾಕುವವನಿಗೆ ಹದಿನೆಂಟು ಲಕ್ಷ ಮೇಲ್‌ಗಳಿಂದ ಒಂದು ವಾಕ್ಯವೂ ಹುಟ್ಟುವುದಿಲ್ಲ. 36.9ರಿಂದ ಒಂದು ಪ್ಯಾರಾನೇ ಹುಟ್ಟುತ್ತದೆ. ಅದೂ ಎದುರಾಳಿ ತಾನೇ ಬರೆದ ಅಂಕಿ, ಅಲ್ಲಗಳೆಯುವುದು ಕಷ್ಟ.

ಈ ಕಣ್ಣಿನಿಂದಲೇ ನಮ್ಮ ರಾಜ್ಯದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಡೆಲಿವರಿಯಂಥ ಕೆಲಸ ಮಾಡುವವರ) ಕಾಯ್ದೆಯನ್ನು ನೋಡುತ್ತೇನೆ. 2024ರ ಜೂನ್ ಕೊನೆಗೆ ಕರಡು ಜನರ ಮುಂದೆ ಬಂತು, 2025ರಲ್ಲಿ ಕಾನೂನಾಯಿತು. ಕಾರ್ಮಿಕರಿಗೆ ಸಿಗುವ ಹಣದ ಮೇಲೆ ಲೆಕ್ಕ ಹಾಕಿ, ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕೊಡಬೇಕು. ಉದ್ಯಮ ಸಂಘಟನೆಗಳು ‘ವ್ಯವಹಾರಕ್ಕೆ ತೊಡಕಾಗುತ್ತದೆ’ ಅಂದವು. ಸುಮ್ನೆ ಹಾಗಂದರೆ ಆಯಿತೇ? ಡೆಲಿವರಿ ಹುಡುಗ ಹೋಟೆಲ್ ಮುಂದೆ ಎಷ್ಟು ಹೊತ್ತು ಕಾಯುತ್ತಾನೆ, ದಿನಕ್ಕೆ ಎಷ್ಟು ಗಂಟೆ ಲಾಗಿನ್ ಇರುತ್ತಾನೆ, ಗಂಟೆಗೆ ಅವನ ಕೈಗೆ ಎಷ್ಟು ಬರುತ್ತದೆ, ಎಲ್ಲದರ ಪೂರ್ತಿ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ ಮಾತ್ರ. ಹುಡುಗನ ಹತ್ತಿರ ಇರುವುದು ತನ್ನ ಫೋನಿನ ಸ್ಕ್ರೀನ್‌ಶಾಟ್. ಶುಲ್ಕ ಕೊಟ್ಟರೆ ವ್ಯಾಪಾರ ನಿಲ್ಲುತ್ತದೆ ಅನ್ನುವವರು ಆ ಲೆಕ್ಕವನ್ನೇ ಬಿಚ್ಚಿ ತೋರಿಸಬಹುದಲ್ಲ. ತೋರಿಸಿದರೆ ಉತ್ತರ ತಮಗೇ ತಿರುಗುಬಾಣ ಆಗಬಹುದು ಅನ್ನೋ ಭಯ ಇರಬೇಕು, ಇದು ನನ್ನ ಅನುಮಾನ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಆ್ಯಪ್ ತಾನಾಗಿಯೇ ಕೆಲಸ ಹಂಚುವುದು, ರೇಟಿಂಗ್ ಕೊಡುವುದು ಹೇಗೆ ಅಂತ ಕಾರ್ಮಿಕರಿಗೆ ತಿಳಿಸಬೇಕು ಅನ್ನುವುದು. ನನ್ನನ್ನು ಕೇಳಿದರೆ, ಕಂಪನಿಗಳಿಗೆ ಗಂಟಲಲ್ಲಿ ಇಳಿಯದೇ ಇರುವುದು ಶುಲ್ಕಕ್ಕಿಂತ ಜಾಸ್ತಿ ಇದೇ.