ಕ್ಯೂ ಸರ್ವರ್‌ಗೆ ಟೆಂಪ್ಲೇಟ್ ಬರೆದಿಡಿ, ಮೆಷಿನ್ ಕಾಪಿ ಹೊಡೆಯಬೇಡಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಸಣ್ಣ ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ತೊಂದರೆಯನ್ನು ನಮ್ಮಲ್ಲಿ ಪದೇ ಪದೇ ನೋಡುತ್ತೇನೆ. ಮೆಸೇಜ್ ಕ್ಯೂ ಸರ್ವರ್ (ಒಂದು ಪ್ರೋಗ್ರಾಮ್ ಕಳಿಸಿದ ಮೆಸೇಜನ್ನು ಇನ್ನೊಂದು ತೆಗೆದುಕೊಳ್ಳುವವರೆಗೆ ಇಟ್ಟುಕೊಳ್ಳುವ ಸರ್ವರ್) ಕಟ್ಟಿ ನಿಲ್ಲಿಸುವುದು ಟೀಮಿನಲ್ಲಿ ಒಬ್ಬರಿಗೇ ಗೊತ್ತಿರುತ್ತದೆ. ಅವರಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಗುತ್ತದೆ, ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಯಾವ ಸೆಟ್ಟಿಂಗ್ ಯಾಕೆ ಹಾಗಿದೆ ಅನ್ನುವುದೂ ಅವರ ಜೊತೆಗೇ ಹೊರಟುಹೋಗುತ್ತದೆ. ಉಳಿದವರು ಓಡುತ್ತಿರುವ ಮೆಷಿನ್ನಿನದೇ ಒಂದು ಇಮೇಜ್ (ಡಿಸ್ಕಿನ ಪೂರ್ತಿ ಪ್ರತಿ) ತೆಗೆದು, ಅದಕ್ಕೆ ಟೆಂಪ್ಲೇಟ್ ಅಂತ ಹೆಸರಿಟ್ಟು, ಹೊಸ ಗ್ರಾಹಕ ಬಂದಾಗಲೆಲ್ಲ ಅದನ್ನೇ ಕ್ಲೌಡ್‌ನಲ್ಲಿ ಕಾಪಿ ಹೊಡೆಯುತ್ತಾರೆ.

ವೆಬ್ ಸರ್ವರ್ ಆದರೆ ಇದು ಹೇಗೋ ನಡೆಯಬಹುದು. ಕ್ಯೂ ಸರ್ವರ್‌ಗೆ ನಡೆಯುವುದಿಲ್ಲ.

ಯಾಕೆ ಅಂದರೆ ಪ್ರತಿ ಕ್ಯೂ ಸರ್ವರ್‌ಗೂ ತನ್ನದೇ ಒಂದು ಗುರುತು ಇರುತ್ತದೆ. ಐಬಿಎಂ ಕಂಪನಿಯ ಎಂಕ್ಯೂ ಅನ್ನುವ ಕ್ಯೂ ಸಾಫ್ಟ್‌ವೇರಿನಲ್ಲಿ ಕ್ಯೂ ಮ್ಯಾನೇಜರ್ (ಕ್ಯೂಗಳನ್ನು ನಡೆಸುವ ಸರ್ವರ್) ಹುಟ್ಟಿದಾಗಲೇ ಅದಕ್ಕೊಂದು ಐಡಿ ಬೀಳುತ್ತದೆ. ಮೆಷಿನ್ ಕಾಪಿ ಮಾಡಿದರೆ ಐಡಿಯೂ ಕಾಪಿ ಆಗುತ್ತದೆ. ಎರಡನ್ನೂ ಒಂದೇ ಕ್ಲಸ್ಟರಿಗೆ (ಒಟ್ಟಾಗಿ ಕೆಲಸ ಮಾಡುವ ಕ್ಯೂ ಮ್ಯಾನೇಜರ್‌ಗಳ ಗುಂಪಿಗೆ) ಸೇರಿಸಿದರೆ ಯಾರು ಯಾರೆಂದು ಉಳಿದವಕ್ಕೆ ತಿಳಿಯದೆ ಗೊಂದಲ ಶುರು. ಕಾಫ್ಕಾ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಬ್ರೋಕರ್ (ಅದರ ಸರ್ವರ್) ಐಡಿ ಡೇಟಾ ಫೋಲ್ಡರಿನಲ್ಲೇ ಕೂತಿರುತ್ತದೆ. ರ‍್ಯಾಬಿಟ್ ಎಂಕ್ಯೂ ಅನ್ನುವ ಮತ್ತೊಂದು ತನ್ನ ಡೇಟಾ ಫೋಲ್ಡರಿಗೆ ಮೆಷಿನ್ನಿನ ಹೆಸರು, ಅಂದರೆ ಹೋಸ್ಟ್‌ನೇಮ್ ಸೇರಿಸಿ ಹೆಸರಿಡುತ್ತದೆ. ಹೋಸ್ಟ್‌ನೇಮ್ ಬದಲಾದರೆ ಹಳೆಯ ಡೇಟಾ ಡಿಸ್ಕಿನಲ್ಲೇ ಇದ್ದರೂ ಅದು ಖಾಲಿ ಸರ್ವರ್ ಆಗಿ ಏಳುತ್ತದೆ. ಹಳೆಯ ಗ್ರಾಹಕನ ಮೆಸೇಜು, ಪಾಸ್‌ವರ್ಡು, ಸರ್ಟಿಫಿಕೇಟು ಹೊಸ ಗ್ರಾಹಕನ ಮೆಷಿನ್ನಿಗೆ ಹೋಗಿ ಕೂರುವುದು ಇನ್ನೂ ದೊಡ್ಡ ಅಪಾಯ.

ಹಾಗಾದರೆ ಮತ್ತೆ ಮತ್ತೆ ಬಳಸುವಂಥ ಟೆಂಪ್ಲೇಟ್ ಹೇಗಿರಬೇಕು? ಇದಕ್ಕೆ ಹಳೆಯ, ಚೆನ್ನಾಗಿ ಯೋಚಿಸಿದ ಉತ್ತರವಿದೆ. ಐಬಿಎಂ 2009ರಲ್ಲಿ ಕ್ಲೌಡ್‌ಬರ್ಸ್ಟ್ ಅನ್ನುವ ಪೆಟ್ಟಿಗೆ (ಕ್ಲೌಡ್‌ನಲ್ಲಿ ಸರ್ವರ್‌ಗಳನ್ನು ಎಬ್ಬಿಸಿಕೊಡುವ ಯಂತ್ರ) ತಂದಿತು. 2011ರಲ್ಲಿ ಅದು ವರ್ಕ್‌ಲೋಡ್ ಡಿಪ್ಲಾಯರ್ ಆಯಿತು. 2012ರಲ್ಲಿ ಪ್ಯೂರ್ ಅಪ್ಲಿಕೇಶನ್ ಸಿಸ್ಟಮ್ ಬಂತು. ಇವುಗಳಲ್ಲಿ ವರ್ಚುವಲ್ ಸಿಸ್ಟಮ್ ಪ್ಯಾಟರ್ನ್ ಅಂತ ಒಂದು ಪದ್ಧತಿ ಇತ್ತು. ತಳದಲ್ಲಿ ಓಎಸ್ ಮತ್ತು ಎಂಕ್ಯೂ ಮಾತ್ರ ಇರುವ ಖಾಲಿ ಇಮೇಜ್. ಅದರ ಮೇಲೆ ಕ್ಯೂ, ಚಾನೆಲ್ (ಕ್ಯೂ ಮ್ಯಾನೇಜರ್‌ಗಳ ನಡುವೆ ಮೆಸೇಜ್ ಸಾಗುವ ದಾರಿ) ಸೃಷ್ಟಿಸುವ ಸ್ಕ್ರಿಪ್ಟ್‌ಗಳು. ಗ್ರಾಹಕನಿಂದ ಗ್ರಾಹಕನಿಗೆ ಬದಲಾಗುವ ಹೆಸರು, ಪೋರ್ಟ್, ಡಿಸ್ಕ್ ಅಳತೆ ಎಲ್ಲ ಪ್ಯಾರಾಮೀಟರ್‌ಗಳು. ಯಾವುದನ್ನು ಡಿಪ್ಲಾಯ್ ಮಾಡುವವರು (ಟೆಂಪ್ಲೇಟಿನಿಂದ ಸರ್ವರ್ ಎಬ್ಬಿಸುವವರು) ಮುಟ್ಟಬಹುದು, ಯಾವುದಕ್ಕೆ ಬೀಗ ಅನ್ನುವುದನ್ನೂ ಪ್ಯಾಟರ್ನ್ ಬರೆದವರೇ ತೀರ್ಮಾನಿಸಬಹುದಿತ್ತು. ಆ ಬೀಗ ನನಗೆ ಬಹಳ ಇಷ್ಟ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಧೈರ್ಯವಾಗಿ ಡಿಪ್ಲಾಯ್ ಬಟನ್ ಒತ್ತಬಹುದು. ಅನುಭವಸ್ಥರು ಯೋಚಿಸಿ ಇಟ್ಟದ್ದು ಕೆಡುವುದಿಲ್ಲ. ಈಗ ಆ ಪೆಟ್ಟಿಗೆಗಳೇ ಬೇಕು ಅಂತಿಲ್ಲ. ಟೆರಾಫಾರ್ಮ್, ಆನ್ಸಿಬಲ್, ಹೆಲ್ಮ್ ಥರದ ಸೆಟಪ್ ಟೂಲ್‌ಗಳನ್ನು ಇಟ್ಟುಕೊಂಡು ಇದೇ ಪದ್ಧತಿಯಲ್ಲಿ ಕೆಲಸ ಮಾಡಬಹುದು.

ಬೀಗ ಯಾವುದಕ್ಕೆ ಹಾಕಬೇಕು ಅನ್ನುವುದೇ ಮುಖ್ಯ. ಮಂಡ್ಯ ಕಡೆಯ ಹಾಲಿನ ಡೈರಿಗಳಿಗೆ ನೀವು ಸಾಫ್ಟ್‌ವೇರ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲು ಬರುತ್ತದೆ. ಎಷ್ಟು ಲೀಟರ್, ಎಷ್ಟು ಫ್ಯಾಟ್ ಅನ್ನುವುದು ಊರಿನ ಡೈರಿಯಿಂದ ಮೆಸೇಜ್ ಆಗಿ ಮುಖ್ಯ ಕಚೇರಿಗೆ ಹೋಗಬೇಕು. ಊರಲ್ಲಿ ನೆಟ್‌ವರ್ಕ್ ಹೋದರೆ ಮೆಸೇಜ್ ಅಲ್ಲೇ ಕಾದಿದ್ದು, ಬಂದ ಮೇಲೆ ಹೊರಡಬೇಕು. ಕ್ಯೂ ಇರುವುದೇ ಇದಕ್ಕೆ.

ಈಗ ಎಂಕ್ಯೂನ ಡೀಫಾಲ್ಟ್‌ಗಳನ್ನು ನೋಡಿ. ಹೊಸ ಲೋಕಲ್ ಕ್ಯೂಗೆ ಪರ್ಸಿಸ್ಟೆನ್ಸ್ (ಮೆಸೇಜನ್ನು ಡಿಸ್ಕಿಗೆ ಬರೆದು ಉಳಿಸುವುದು) ಡೀಫಾಲ್ಟ್ ಆಗಿ ‘ನೋ’. ಅಪ್ಲಿಕೇಶನ್ ತಾನಾಗಿ ಕೇಳದಿದ್ದರೆ, ಕ್ಯೂ ಮ್ಯಾನೇಜರ್ ರೀಸ್ಟಾರ್ಟ್ ಆದಾಗ ಅಲ್ಲಿದ್ದ ಮೆಸೇಜ್ ಹೋಯಿತು ಅಂತಲೇ ಅರ್ಥ. ಮುಂಜಾನೆ ಎದ್ದು ಹಾಲು ಕರೆದು ತಂದವರ ಆ ಹೊತ್ತಿನ ಲೆಕ್ಕ ಅದು. ಕ್ಯೂ ಹಿಡಿಯುವುದು ಡೀಫಾಲ್ಟ್ ಆಗಿ 5000 ಮೆಸೇಜ್. ಕಚೇರಿಯ ಅಪ್ಲಿಕೇಶನ್ ಒಂದು ಹೊತ್ತು ನಿಂತರೆ, ಜಾಸ್ತಿ ಊರುಗಳಿದ್ದರೆ, ಅದು ತುಂಬಲು ಎಷ್ಟು ಹೊತ್ತು ಬೇಕು? ತುಂಬಿದ ಮೇಲೆ ಬರುವ ಮೆಸೇಜ್ ಡೆಡ್ ಲೆಟರ್ ಕ್ಯೂಗೆ (ತಲುಪಿಸಲಾಗದ ಮೆಸೇಜ್ ಇಡುವ ಕ್ಯೂಗೆ) ಹೋಗಬೇಕು. ಆ ಕ್ಯೂ ಹುಟ್ಟಿನಿಂದಲೇ ಇರುತ್ತದೆ, ಆದರೆ ಅದನ್ನೇ ಬಳಸು ಅಂತ ಕ್ಯೂ ಮ್ಯಾನೇಜರಿಗೆ ನಾವೇ ಹೇಳಬೇಕು. ಹೇಳದಿದ್ದರೆ ಚಾನೆಲ್ಲೇ ನಿಂತುಬಿಡಬಹುದು. ಆಗ ಒಂದು ಕ್ಯೂ ತುಂಬಿದ್ದಕ್ಕೆ ಅದೇ ಚಾನೆಲ್ಲಿನ ಬೇರೆ ಮೆಸೇಜ್‌ಗಳೂ ಹಿಂದೆ ಕಾಯುತ್ತವೆ.

ಟೆಂಪ್ಲೇಟಿನಲ್ಲಿ ಬೀಗ ಹಾಕಬೇಕಾದದ್ದು ಈ ಮೂರಕ್ಕೆ: ಪರ್ಸಿಸ್ಟೆನ್ಸ್, ಕ್ಯೂ ಹಿಡಿಯುವ ಮೆಸೇಜ್ ಲೆಕ್ಕ, ಡೆಡ್ ಲೆಟರ್ ಕ್ಯೂ. ಪಕ್ಕದಲ್ಲೇ ಒಂದೊಂದು ಸಾಲಿನಲ್ಲಿ ಯಾಕೆ ಅನ್ನುವುದನ್ನೂ ಬರೆಯಿರಿ. ಮುಂದಿನವರಿಗೆ ನಂಬರಿಗಿಂತ ಆ ಸಾಲು ಜಾಸ್ತಿ ಬೇಕಾಗುತ್ತದೆ. ಪೋರ್ಟ್ 1414 ಇರಲಿ, ಬೇರೆ ಇರಲಿ, ಅದಕ್ಕೆ ಬೀಗ ಹಾಕದಿದ್ದರೂ ಪರವಾಗಿಲ್ಲ.

ಇನ್ನು ಡೇಟಾ. ಮೆಸೇಜ್ ಮತ್ತು ಲಾಗ್ ಇರುವ ಡಿಸ್ಕ್ ಬೇರೆಯೇ ಇರಬೇಕು, ಮೆಷಿನ್ ಅಳಿಸಿದರೂ ಅದು ಉಳಿಯಬೇಕು. ಕ್ಲೌಡ್ ಬಂದ ಮೇಲೆ ‘ಮೆಷಿನ್ ಕೆಟ್ಟರೆ ಬಿಸಾಕಿ ಹೊಸದು ಎಬ್ಬಿಸು’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಕ್ಯೂ ವಿಷಯದಲ್ಲಿ ಈ ಮಾತನ್ನು ಸುಮ್ನೆ ಒಪ್ಪಬೇಡಿ. ಬಿಸಾಕುವ ಮುಂಚೆ ಒಳಗೆ ಏನಿದೆ ಅಂತ ನೋಡಲೇಬೇಕು ಅಲ್ವಾ?

ಎಬ್ಬಿಸುವ ಕ್ರಮವೂ ಟೆಂಪ್ಲೇಟಿನಲ್ಲೇ ಇರಲಿ. ಎಂಕ್ಯೂ ಕ್ಲಸ್ಟರಿನ ಪೂರ್ತಿ ಮಾಹಿತಿ ಇಟ್ಟುಕೊಳ್ಳುವ ಎರಡು ಕ್ಯೂ ಮ್ಯಾನೇಜರ್‌ಗಳು ಮೊದಲು ಏಳಲಿ, ಉಳಿದವು ಆಮೇಲೆ ಸೇರಲಿ.

ನಿಜಕ್ಕೂ ಕಷ್ಟದ ಭಾಗ ಆಮೇಲೆ ಬರುತ್ತದೆ. ಟೆಂಪ್ಲೇಟ್ ತಿದ್ದಿದ ಮಾತ್ರಕ್ಕೆ ಆಗಲೇ ಓಡುತ್ತಿರುವ ಸರ್ವರ್‌ಗಳು ಬದಲಾಗುವುದಿಲ್ಲ. ಯಾರೋ ರಾತ್ರಿ ಹೊತ್ತು ಅರ್ಜೆಂಟಿಗೆ ಒಂದು ಸರ್ವರಿನಲ್ಲಿ ಕೈಯಿಂದ ಬದಲಾಯಿಸಿದ್ದು ಟೆಂಪ್ಲೇಟಿಗೆ ಬರುವುದೂ ಇಲ್ಲ. ಹಾಗಾಗಿ ಕೈಯಿಂದ ಮಾಡಿದ ಪ್ರತಿ ಬದಲಾವಣೆ ಮರುದಿನವೇ ಟೆಂಪ್ಲೇಟ್ ಸೇರಬೇಕು ಅನ್ನುವ ನಿಯಮ ಇಟ್ಟುಕೊಳ್ಳಿ. ಆಗಾಗ ಟೆಂಪ್ಲೇಟಿನಿಂದ ಒಂದು ಹೊಸ ವ್ಯವಸ್ಥೆ ಎಬ್ಬಿಸಿ, ಮೆಸೇಜ್ ಹಾಕಿ, ಮಧ್ಯದಲ್ಲಿ ರೀಸ್ಟಾರ್ಟ್ ಮಾಡಿ, ಹಾಕಿದ್ದೆಲ್ಲ ಇದೆಯಾ ಅಂತ ಎಣಿಸಿ ನೋಡಿ. ಈ ಪರೀಕ್ಷೆಯನ್ನು ಟೀಮಿನಲ್ಲಿ ಎಲ್ಲರಿಗಿಂತ ಹೊಸಬರಿಂದ ಮಾಡಿಸಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ಟೆಂಪ್ಲೇಟ್ ಇನ್ನೂ ಅರ್ಧ ಆಗಿದೆ ಅಂತ ತಿಳಿಯಿರಿ.