ಸ್ಪೇಸರ್ ಲಿಫ್ಟ್ ಬಗ್ಗೆ ನನ್ನ ಮೆಸೇಜ್ ತಪ್ಪು, ಫಾರ್ವರ್ಡ್ ಮಾಡಬೇಡಿ

"ಜಿಮ್ನಿಗೆ 2 ಇಂಚಿನ ಸ್ಪೇಸರ್ ಹಾಕಿದರೆ ಸಾಕು, ಶಾಕ್ ಬದಲಿಸುವುದು ಬೇಡ, ಡಿಫರೆನ್ಷಿಯಲ್ ಅಡಿಯಲ್ಲೂ 2 ಇಂಚು ಜಾಸ್ತಿ ಜಾಗ ಸಿಗುತ್ತದೆ." ಕಾಸರಗೋಡಿನ ಗ್ರೂಪುಗಳಲ್ಲಿ ಓಡಾಡುತ್ತಿರುವ ಈ ಮೆಸೇಜ್ ಬರೆದದ್ದು ನಾನೇ. ಅದರಲ್ಲಿರುವ ಎರಡೂ ಮಾತು ತಪ್ಪು. ಸ್ಪೇಸರ್ ಅಂದರೆ ಮಾರುತಿಯ ಜಿಮ್ನಿಯಂಥ ಗಾಡಿಯನ್ನು ಎತ್ತರಿಸಲು (ಲಿಫ್ಟ್) ಸ್ಪ್ರಿಂಗ್ ಮೇಲೆ ಕೂರಿಸುವ ದಪ್ಪ ಬಿಲ್ಲೆ; ಶಾಕ್ ಅಂದರೆ ಗಾಡಿಯ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್.

ಜಿಮ್ನಿಗೆ ಹಿಂದೆ, ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ದಂಡ. ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಗುಂಡು, ಡಿಫರೆನ್ಷಿಯಲ್, ಇರುವುದು ಅದರಲ್ಲೇ. ಸ್ಪೇಸರ್ ಎತ್ತುವುದು ಬಾಡಿಯನ್ನು ಮಾತ್ರ, ಆಕ್ಸಲ್ ಚಕ್ರದ ಜೊತೆ ಇದ್ದಲ್ಲೇ ಇರುತ್ತದೆ. ರಾಣಿಪುರಂ ಕಡೆ ಹೋದಾಗ ಡಿಫರೆನ್ಷಿಯಲ್‌ಗೆ ಮುರಕಲ್ಲು ತಾಗಿತು, ಅನುಮಾನ ಬಂದು ಮನೆಯಲ್ಲಿ ಗಾಡಿ ಅಡಿಗೆ ಮಲಗಿ ಟೇಪ್ ಹಿಡಿದು ನೋಡಿದರೆ ಅಳತೆ ಮೊದಲಿನಷ್ಟೇ! ಅಲ್ಲಿ ಜಾಗ ಬೇಕಾದರೆ ದೊಡ್ಡ ಟೈರೇ ಬೇಕು. ಅದೂ ಟೈರಿನ ಎತ್ತರ 2 ಇಂಚು ಹೆಚ್ಚಿದರೆ ಸಿಗುವುದು 1 ಇಂಚು.

ಇನ್ನು ಶಾಕ್. ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರಿಸಿದರೆ ಶಾಕ್ ಉದ್ದವಾಗುವುದಿಲ್ಲ ಅಲ್ವಾ? ಗಾಡಿ ನಿಂತಿರುವಾಗಲೇ ಅದು ಎಳೆದುಕೊಂಡಿರುತ್ತದೆ, ಚಕ್ರ ಹೊಂಡಕ್ಕೆ ಇಳಿದ ಕೂಡಲೇ ಕೊನೆ ಮುಟ್ಟಿ ಟಕ್ ಅಂತ ಬಡಿಯುತ್ತದೆ. ನನ್ನ ಗಾಡಿಯಲ್ಲಿ ರಬ್ಬರ್ ಬುಷ್ ಹರಿದು ರಾಡ್ ಮೇಲೆ ಎಣ್ಣೆ ಒಸರುತ್ತಿತ್ತು. ಲಿಫ್ಟ್‌ಗೆ ಹೊಂದುವ ಉದ್ದದ ಶಾಕ್ ತೆಗೆದುಕೊಳ್ಳಿ. ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ಪೈಪು) ಬಿಗಿಯಾಗುತ್ತದೆಯೇ ನೋಡಿ. ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ), ಕಬ್ಬಿಣದ ಬಂಪರ್ ಹಾಕುವವರು ಆ ತೂಕಕ್ಕೆ ತಕ್ಕ ಸ್ಪ್ರಿಂಗನ್ನೇ ಹಾಕಿ.

ಕಂಪನಿ ಕೊಟ್ಟ ಅಳತೆ ಮೀರಿ ಗಾಡಿ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಮೊದಲು ಆರ್‌ಟಿಒದಲ್ಲಿ ಕೇಳಿ.

ಹಳೆ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ, ಅದರ ಕೆಳಗೆ ಇದನ್ನು ಹಾಕಿಬಿಡಿ.