ಬಾಳೆಹಣ್ಣಿನ ದೆವ್ವಕ್ಕೆ ಒಂದೇ ಕಣ್ಣು

ಬಾಳೆಹಣ್ಣು ಸುಲಿದು ಮಧ್ಯಕ್ಕೆ ಎರಡು ತುಂಡು ಮಾಡಿ, ಕತ್ತರಿಸಿದ ಭಾಗ ಕೆಳಗೆ ಬರೋ ಹಾಗೆ ತಟ್ಟೆಯಲ್ಲಿ ನಿಲ್ಲಿಸಿ, ಮೇಲ್ಗಡೆ ಎರಡು ಚಾಕ್ಲೆಟ್ ಚಿಪ್ ಚುಚ್ಚಿದ್ರೆ ದೆವ್ವ ರೆಡಿ. ಮಕ್ಕಳು ದೆವ್ವ ಭೂತದ ವೇಷ ಹಾಕಿ ಮನೆ ಮನೆಗೆ ಹೋಗಿ ಚಾಕ್ಲೆಟ್ ಇಸ್ಕೊಳ್ಳೋ ಹ್ಯಾಲೋವೀನ್ ಹಬ್ಬದ ತಿಂಡಿ ಇದು. ಒಲೆ ಬೇಡ, ಪಾಕ ಬೇಡ, ಎಳೆ ಬಂತಾ ಅಂತ ನೋಡೋದು ಬೇಡ. ಒಂದೇ ಒಂದು ಗುಟ್ಟು ಅಂದ್ರೆ ಚಿಪ್ಪಿನ ಚೂಪು ಕಡೆ ಹಣ್ಣೊಳಗೆ ಹೋಗ್ಬೇಕು, ಚಪ್ಪಟೆ ಕಡೆ ಹೊರಗಿರಬೇಕು, ಆಗ ಕಣ್ಣು ಗುಂಡಗೆ ಕಾಣುತ್ತೆ. ಇದನ್ನ ನನ್ನ ಐದು ವರ್ಷದ ಮಗನಿಗೆ ಮೂರು ಸಲ ಹೇಳಿದೆ. ಅವನು ತಲೆ ಆಡಿಸಿ ಒಂದು ಚಿಪ್ ದೆವ್ವಕ್ಕೆ ಚುಚ್ಚಿದ, ಇನ್ನೊಂದನ್ನ ಬಾಯಿಗೆ ಹಾಕ್ಕೊಂಡ. ಹೀಗೆ ಹತ್ತು ದೆವ್ವ ಆಗೋ ಹೊತ್ತಿಗೆ ಹತ್ತಕ್ಕೂ ಒಂದೊಂದೇ ಕಣ್ಣು.

ನಾವಿರೋದು ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ, ಊರು ದಾಟಿದ್ರೆ ಸಾಕು ಎಲ್ಲಿ ನೋಡಿದ್ರೂ ಮುಸುಕಿನ ಜೋಳ ಇಲ್ಲ ಸೋಯಾ. ಇಲ್ಲಿಂದ ಕಾರಲ್ಲಿ ಅರ್ಧ ಮುಕ್ಕಾಲು ಗಂಟೆ ಹೋದ್ರೆ ಮಾರ್ಟನ್ ಅಂತ ಒಂದು ಊರಿದೆ, ತಮ್ಮನ್ನ ತಾವೇ ಜಗತ್ತಿನ ಕುಂಬಳಕಾಯಿ ರಾಜಧಾನಿ ಅಂತ ಕರ್ಕೋತಾರೆ, ಅಮೆರಿಕದಲ್ಲಿ ಡಬ್ಬದಲ್ಲಿ ಮಾರೋ ಕುಂಬಳಕಾಯಿಯ ಬಹುಪಾಲು ಅಲ್ಲಿನ ಫ್ಯಾಕ್ಟರಿಯಲ್ಲೇ ತಯಾರಾಗೋದು. ಆದ್ರೆ ಆ ಡಬ್ಬದ ಕುಂಬಳಕಾಯಿ ಬೇರೆ ಜಾತಿ, ಉದ್ದಕ್ಕೆ, ತಿಳಿ ಕಂದು ಬಣ್ಣ, ನೋಡೋಕೆ ಏನೂ ಚಂದ ಇಲ್ಲ, ತಿನ್ನೋಕೆ ಮಾತ್ರ ನಮ್ಮ ಸಿಹಿಗುಂಬಳದ ಹಾಗೇ. ಮನೆ ಮುಂದೆ ಕಣ್ಣು ಮೂಗು ಕೊರೆದು ಇಡೋ ಕಿತ್ತಳೆ ಬಣ್ಣದ ಗುಂಡು ಕಾಯಿ ಇದ್ಯಲ್ಲ, ಅದು ಬರೀ ನೀರು, ನಾರು. ಬಂದ ಮೊದಲನೇ ವರ್ಷ ಇಷ್ಟು ದೊಡ್ಡ ಕಾಯಿ ಯಾಕೆ ಹಾಳು ಮಾಡೋದು ಅಂತ ಅದ್ರಲ್ಲಿ ಹುಳಿ ಮಾಡಿದ್ದೆ. ಹೆಂಡ್ತಿ ಇವತ್ತಿಗೂ ಅದನ್ನ ಮರೆತಿಲ್ಲ.

ನಾನು ಹೇಳ್ತಿರೋದು 2024ರ ಕಥೆ. ಆ ವರ್ಷ ಅಮ್ಮ ನಮ್ಮ ಜೊತೆ ಇದ್ಲು, ಆರು ತಿಂಗಳಿಗೆ ಅಂತ ತುಮಕೂರಿಂದ ಬಂದಿದ್ಲು. ಬರೋವಾಗ ಸೂಟ್‌ಕೇಸಲ್ಲಿ ಸುತ್ತಿ ತಂದಿದ್ದ ಕ್ಯಾಲೆಂಡರ್ ಪ್ರಕಾರ ಅಕ್ಟೋಬರ್ 31, ಗುರುವಾರ ನರಕ ಚತುರ್ದಶಿ. ಹ್ಯಾಲೋವೀನ್ ಇರೋದೂ ಅವತ್ತೇ. ಇಲ್ಲಿನ ಪಂಚಾಂಗ ಬೇರೆ ಲೆಕ್ಕ ಹೇಳುತ್ತೆ ಅಂತ ತಿಳಿಸೋಕೆ ಹೋದೆ, ಅಮೆರಿಕದಲ್ಲಿ ನರಕಾಸುರ ಬೇರೆ ದಿನ ಸತ್ನೇನೋ ಅಂದ್ಲು, ಸುಮ್ಮನಾದೆ. ಬೆಳಗ್ಗೆ ಆರು ಗಂಟೆಗೆ ಮಕ್ಕಳಿಗೆ ಎಣ್ಣೆ ಸ್ನಾನ, ಹಣೆಗೆ ಕುಂಕುಮ, ಬಾಯಿಗೆ ಕಜ್ಜಾಯ. ಅದೇ ಮಕ್ಕಳು ಸಂಜೆ ಒಂದು ಅಸ್ಥಿಪಂಜರ, ಒಂದು ಮಾಟಗಾತಿ ಆಗಿ ಬೀದಿ ಸುತ್ತೋರು. ಹೆಂಡ್ತಿಗೆ ಅವತ್ತು ಆಫೀಸಲ್ಲಿ ಆನ್ ಕಾಲ್, ಲ್ಯಾಪ್‌ಟಾಪ್ ಬಿಟ್ಟು ಏಳೋ ಹಾಗಿಲ್ಲ, ಅದಕ್ಕೆ ಅಡುಗೆಮನೆ ನನ್ನ ಪಾಲಿಗೆ ಬಂತು.

ಯಾಕೆ ಮನೆಯಲ್ಲಿ ತಿಂಡಿ ಮಾಡ್ಬೇಕು, ಊರೆಲ್ಲಾ ಚಾಕ್ಲೆಟ್ ಕೊಡ್ತಾರಲ್ಲ ಅಂತ ನೀವು ಕೇಳಬಹುದು. ಊರೆಲ್ಲಾ ಕೊಡ್ತಾರೆ ಅನ್ನೋದೇ ಸಮಸ್ಯೆ. ಹೊರಡೋಕೆ ಮುಂಚೆ ಹೊಟ್ಟೆಗೆ ಏನಾದ್ರೂ ಬಿದ್ದಿರ್ಲಿಲ್ಲ ಅಂದ್ರೆ ಮೂರನೇ ಮನೆ ದಾಟೋ ಹೊತ್ತಿಗೆ ಚೀಲದಲ್ಲಿ ಬರೀ ಖಾಲಿ ರ‍್ಯಾಪರ್ ಇರುತ್ತೆ. ಸ್ಕೂಲಿಗೆ ಕಳಿಸೋಣ ಅಂದ್ರೆ ಅದೂ ಆಗಲ್ಲ, ಮಕ್ಕಳ ಸ್ಕೂಲಲ್ಲಿ ಮನೆಯಲ್ಲಿ ಮಾಡಿದ್ದು ತಗೊಳಲ್ಲ, ಅಂಗಡಿಯ ಪ್ಯಾಕೆಟ್ಟೇ ಆಗ್ಬೇಕು, ಅದರ ಮೇಲೆ ಏನೇನು ಹಾಕಿದ್ದಾರೆ ಅಂತ ಅಚ್ಚಾಗಿರಬೇಕು. ಕಡ್ಲೆಕಾಯಿ ಅಂತೂ ಬಾಗಿಲೊಳಗೇ ಬರೋ ಹಾಗಿಲ್ಲ. 2023ರಿಂದ ಇಲ್ಲಿ ಪ್ಯಾಕೆಟ್ ಮೇಲೆ ಹಾಕಲೇಬೇಕಾದ ಅಲರ್ಜಿ ಪಟ್ಟಿಗೆ ಎಳ್ಳೂ ಸೇರ್ಕೊಂಡಿದೆ, ಅದನ್ನ ಕೇಳಿ ಅಮ್ಮ, ಹಾಗಾದ್ರೆ ಇವರು ಸಂಕ್ರಾಂತಿಗೆ ಏನು ಬೀರ್ತಾರೆ ಅಂತ ನಿಜವಾಗ್ಲೂ ಚಿಂತೆ ಮಾಡಿದ್ಲು. ಅಲರ್ಜಿ ಇರೋ ಮಕ್ಕಳೂ ಬರಲಿ ಅಂತ ಕೆಲವರು ಬಾಗಿಲಲ್ಲಿ ನವಿಲು ಬಣ್ಣದ ಕುಂಬಳಕಾಯಿ ಇಡ್ತಾರೆ, ಆ ಮನೆಯಲ್ಲಿ ತಿಂಡಿ ಬದಲು ಪೆನ್ಸಿಲ್ಲೋ ಸ್ಟಿಕರ್ರೋ ಸಿಗುತ್ತೆ ಅಂತ ಅರ್ಥ. 2014ರಲ್ಲಿ ದೇಶದ ತುಂಬಾ ಶುರುವಾದ ಪದ್ಧತಿ, ನಮ್ಮ ಬೀದಿಯಲ್ಲೇ ಅಂಥ ಎರಡು ಮನೆ ಇದೆ.

ಕುಂಬಳಕಾಯಿ ನೋಡಿ ಅಮ್ಮ ಹೆದರ್ತಾಳೆ ಅಂದ್ಕೊಂಡಿದ್ದೆ. ಅವಳು ಒಂದು ಸುತ್ತು ಹಾಕಿ, ಓ, ದೃಷ್ಟಿ ಕುಂಬಳಕಾಯಿ, ಇದನ್ನ ಮೇಲೆ ಕಟ್ಟೋದು ಬಿಟ್ಟು ಕೆಳಗ್ಯಾಕೆ ಇಟ್ಟಿದ್ದೀಯೋ ಅಂದ್ಲು. ಹೌದಲ್ವಾ, ಹೊಸ ಮನೆ ಮುಂದೆ ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ, ಕೆಂಪು ನಾಲಿಗೆ ಬರೆದು ನೇತಾಕೋದು ನಾವು ಹುಟ್ಟಿದಾಗಿಂದ ನೋಡಿದ್ದೇ. ಇದು ಐರ್ಲೆಂಡಿಂದ ಬಂದ ಪದ್ಧತಿ ಕಣಮ್ಮ, ಅಲ್ಲಿ ಟರ್ನಿಪ್ ಗೆಡ್ಡೆ ಕೊರೀತಿದ್ರು, ಇಲ್ಲಿಗೆ ಬಂದ ಮೇಲೆ ಕುಂಬಳಕಾಯಿ ಸುಲಭ ಅಂತ ಇದನ್ನ ಹಿಡ್ಕೊಂಡ್ರು ಅಂದೆ. ಅವಳು ಅದನ್ನ ಕಿವಿ ಮೇಲೇ ಹಾಕ್ಕೊಳ್ಳಲಿಲ್ಲ. ಅವಳಿಗೆ ವಿಚಿತ್ರ ಅನಿಸಿದ್ದು ಬೇರೆ. ಅಲ್ಲ ಕಣೋ, ಬೆಂಗಳೂರಲ್ಲಿ ದೆವ್ವ ಬಂದು ಬಾಗಿಲು ತಟ್ಟುತ್ತೆ ಅಂತ ಜನ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರು, ಇಲ್ಲಿ ನೋಡಿದ್ರೆ ಲೈಟ್ ಹಾಕಿ, ಬಾಪ್ಪಾ ಚಾಕ್ಲೆಟ್ ತಗೋ ಅಂತಾರಲ್ಲ!

ಕುಂಬಳಕಾಯಿ ಕೊರೆದ ಮೇಲೆ ಬೀಜ ಬಿಸಾಡಬಾರದು, ಮಕ್ಕಳಿಗೆ ಕೊಡೋ ಕೆಲಸಗಳಲ್ಲಿ ಅದು ರಾಜ. ಲೋಳೆ ಲೋಳೆ ನಾರೊಳಗೆ ಕೈ ಹಾಕಿ ಬೀಜ ಬಿಡಿಸೋದು, ಅದಕ್ಕೆ ಇಬ್ಬರೂ ಕಿತ್ತಾಡಿದ್ರು. ತೊಳೆದು ಬಟ್ಟೆ ಮೇಲೆ ಚೆನ್ನಾಗಿ ಆರಬೇಕು, ಹಸಿ ಇದ್ರೆ ಗರಿಗರಿ ಆಗಲ್ಲ, ಎಣ್ಣೆ ಉಪ್ಪು ಕಲಸಿ 350 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ, ಮಧ್ಯೆ ಒಂದ್ಸಲ ಕೈಯಾಡಿಸಬೇಕು. ಅಮ್ಮ ಅದಕ್ಕೆ ಅಚ್ಚಖಾರದ ಪುಡಿ, ಇಂಗು ಹಾಕಿದ್ಲು. ಅವತ್ತು ನಿಜವಾಗ್ಲೂ ರುಚಿಯಾಗಿದ್ದ ತಿಂಡಿ ಅದೊಂದೇ, ಒಪ್ಕೋತೀನಿ.

ಈಜಿಪ್ಟಿನ ಮಮ್ಮಿ ಮಾಡೋಕೆ ಇಲ್ಲಿನವರು ಹಾಟ್‌ಡಾಗ್‌ಗೆ ಹಿಟ್ಟಿನ ಪಟ್ಟಿ ಸುತ್ತಿ ಬೇಯಿಸ್ತಾರೆ, ಬ್ಯಾಂಡೇಜ್ ಸುತ್ತಿದ ಹೆಣದ ಹಾಗೆ. ನಮ್ಮನೆಯಲ್ಲಿ ಹಾಟ್‌ಡಾಗ್ ಇಲ್ಲ, ಪನೀರ್ ಉದ್ದುದ್ದಕ್ಕೆ ಕತ್ತರಿಸಿ ಉಪ್ಪು ಖಾರ ಸವರಿದ್ವಿ. ಹಿಟ್ಟು ಕ್ರೆಸೆಂಟ್ ರೋಲ್ ಅನ್ನೋ ಬನ್ನಿಂದು, ರಟ್ಟಿನ ಕೊಳವೆಯಲ್ಲಿ ಬರುತ್ತೆ, ಮೇಲಿನ ಕಾಗದ ಸುಲೀತಾ ಹೋದ್ರೆ ಯಾವಾಗ ಅಂತ ಗೊತ್ತಾಗದ ಹಾಗೆ ಢಬ್ ಅಂತ ಬಿಚ್ಚಿಕೊಳ್ಳುತ್ತೆ. ಒಳಗಿನ ಹಿಟ್ಟು ಉಬ್ಬಿ ಉಬ್ಬಿ ಕೊಳವೇನ ಒತ್ತುತಾ ಇರುತ್ತೆ ಅದಕ್ಕೆ. ದೊಡ್ಡವಳಿಗೆ ಎಂಟು ವರ್ಷ, ಅವಳು ಕಣ್ಣು ಮುಚ್ಚಿ ಕೈ ಚಾಚಿ ಸುಲಿದ್ಲು, ಢಬ್ ಅಂತು, ದೇವರ ಮನೆಯಲ್ಲಿದ್ದ ಅಮ್ಮ ಕುಕ್ಕರ್ ಸಿಡೀತೇನೋ ಅಂತ ಹೂವು ಕೈಯಲ್ಲೇ ಹಿಡ್ಕೊಂಡು ಓಡಿ ಬಂದ್ಲು. ಬಂದವಳು ವಾಪಸ್ ಹೋಗಲಿಲ್ಲ. ಪಟ್ಟಿ ಹೀಗಾ ಸುತ್ತೋದು, ಗಾಯಕ್ಕೆ ಬಟ್ಟೆ ಕಟ್ಟಿದ ಹಾಗಿದೆ ಅಂತ ಮೊಮ್ಮಗಳನ್ನ ಬೈದು, ತಾನೇ ನಾಲ್ಕು ಸುತ್ತಿದ್ಲು, ನಾಲ್ಕೂ ಅಚ್ಚಲ್ಲಿ ಹುಯ್ದ ಹಾಗೆ ನೀಟಾಗಿ ಬಂತು. ಮಗಳು ಅದನ್ನ ನೋಡಿ, ಅಜ್ಜಿ, ಇದು ಹೆದರಿಕೆನೇ ಆಗಲ್ಲ, ಇದು ಕರಂಜಿಕಾಯಿ ಥರ ಇದೆ ಅಂತ ಫೇಲ್ ಮಾಡಿದ್ಲು!

ಅಲ್ಲೇ ನನಗೆ ಒಂದು ವಿಷಯ ಹೊಳೀತು. ನಾನು ಚಿಕ್ಕವನಿದ್ದಾಗ ಹಬ್ಬದ ದಿನ ಅಡುಗೆಮನೆ ಹೊಸಿಲು ದಾಟೋ ಹಾಗಿರ್ಲಿಲ್ಲ. ಒಂದು ಮಡಿ, ಎರಡನೇದು ನೈವೇದ್ಯ ಆಗಬೇಕು, ಮೂರನೇದು ನಮ್ಮ ಕೈಗೆ ಕೊಟ್ರೆ ಚಕ್ಕುಲಿ ಸುತ್ತು ತಪ್ಪುತ್ತೆ, ಒಬ್ಬಟ್ಟು ಹರಿಯುತ್ತೆ, ಬೀಗರ ಮನೆಗೆ ಕಳಿಸೋದಕ್ಕೆ ಆಗುತ್ತಾ. ನಮ್ಮ ಹಬ್ಬದ ತಿಂಡಿಗೆಲ್ಲಾ ಒಂದು ಮರ್ಯಾದೆ ಇದೆ, ಅಂದ ಕೆಡಬಾರದು. ಈ ಹ್ಯಾಲೋವೀನ್ ತಿಂಡಿಗೆ ಅಂದ ಕೆಟ್ಟಷ್ಟೂ ಮಾರ್ಕ್ಸು. ಕಣ್ಣು ಸೊಟ್ಟ ಆದ್ರೆ ಭೇಷ್, ಪಟ್ಟಿ ಬಿಚ್ಚಿ ಜೋತು ಬಿದ್ರೆ ಇನ್ನೂ ಭೇಷ್. ಐದು ವರ್ಷದ ಕೈಗೆ ಏನು ಬರುತ್ತೋ ಅದೇ ಇಲ್ಲಿ ಬೇಕಾಗಿರೋದು. ದೊಡ್ಡವರು ಮಾಡಿದ್ರೇನೇ ಕೆಡೋದು, ಅಮ್ಮನ ಮಮ್ಮಿಗಳ ಹಾಗೆ.

375 ಡಿಗ್ರಿಯಲ್ಲಿ ಹನ್ನೆರಡು ನಿಮಿಷಕ್ಕೆ ಮಮ್ಮಿಗಳು ಕೆಂಪಗಾಗಿ ಎದ್ದು ಬಂದ್ವು. ಕಣ್ಣಿಗೆ ಏನಿಡೋದು ಅಂತ ನಾನು ಫ್ರಿಜ್‌ನಲ್ಲಿ ಆಲಿವ್ ಹುಡುಕ್ತಾ ಇದ್ದೆ, ಅಷ್ಟರಲ್ಲಿ ಅಮ್ಮ ಕಾಳುಮೆಣಸು ಒತ್ತಿ ಮುಗಿಸಿದ್ಲು. ನೋಡೋಕೆ ಭಯಂಕರ ಚೆನ್ನಾಗಿತ್ತು. ಚಿಕ್ಕವನು ಮೊದಲ ಮಮ್ಮಿಯ ತಲೇನೇ ಕಚ್ಚಿದ, ಅರ್ಧ ನಿಮಿಷ ಅಗಿದ, ಆಮೇಲೆ ಅವನು ಹಾಕಿದ ಕೂಗಿಗೆ ಹೆಂಡ್ತಿ ಮೀಟಿಂಗ್ ಮ್ಯೂಟ್ ಮಾಡಿ ಓಡಿ ಬಂದ್ಲು. ನೀವು ಮಾಡೋದಾದ್ರೆ ಆಲಿವ್ವೇ ಹಾಕಿ.

ಪೊರಕೆ ಮಾತ್ರ ಆಗಲಿಲ್ಲ. ಸ್ಟ್ರಿಂಗ್ ಚೀಸ್ ಅಂತ ಬೆರಳು ಗಾತ್ರದ ಚೀಸ್ ಬರುತ್ತೆ, ಎಳೆ ಎಳೆಯಾಗಿ ಬಿಡಿಸಬಹುದು, ತುಂಡು ಮಾಡಿ ಕೆಳಗಡೆ ಎಳೆ ಬಿಡಿಸಿ ಮೇಲೊಂದು ಪ್ರೆಟ್ಜೆಲ್ ಅನ್ನೋ ಉಪ್ಪು ಬಿಸ್ಕತ್ತಿನ ಕಡ್ಡಿ ಚುಚ್ಚಿದ್ರೆ ಮಾಟಗಾತಿಯ ಪೊರಕೆ. ಮಗಳು ಮಾಟಗಾತಿ ವೇಷ ಹಾಕೋಳು, ಅವಳಿಗೆ ಇದೇ ಬೇಕಿತ್ತು. ಅಮ್ಮ ಖಡಾಖಂಡಿತವಾಗಿ ಬೇಡ ಅಂದ್ಲು. ಹಬ್ಬದ ದಿನ, ಲಕ್ಷ್ಮಿ ಬರೋ ಹೊತ್ತಲ್ಲಿ ಪೊರಕೆ ತಿಂತೀರಾ? ದೆವ್ವ ತಿನ್ನಿ, ಹೆಣ ತಿನ್ನಿ, ನಾನು ಏನೂ ಅಂದ್ನಾ? ಪೊರಕೆ ಬೇಡ. ಇದರಲ್ಲಿ ತರ್ಕ ಎಲ್ಲಿದೆ ಅಂತ ಮಗಳು ನನ್ನ ಮುಖ ನೋಡಿದ್ಲು, ನಾನು ಪ್ರೆಟ್ಜೆಲ್ ಡಬ್ಬ ಮುಚ್ಚಿಟ್ಟೆ.

ಅದರ ಬದಲಿಗೆ ಪುಟಾಣಿ ಕುಂಬಳಕಾಯಿ ಮಾಡಿದ್ವಿ. ಅಂದ್ರೆ ಸಣ್ಣ ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿದು ಇಡಿಯಾಗಿ ಇಟ್ಟು, ನೆತ್ತಿ ಮೇಲೆ ಹಸಿರು ತೊಟ್ಟಿನ ಹಾಗೆ ಸೆಲರಿ ಚೂರು ಸಿಗಿಸೋದು. ಸೆಲರಿ ಇರಲಿಲ್ಲ, ಕೊತ್ತಂಬರಿ ದಂಟು ಸಿಗಿಸಿದ್ವಿ. ಸೇಬಿನ ಹೋಳಲ್ಲಿ ಬಾಯಿ ಮಾಡಿ ಮಾರ್ಷ್‌ಮ್ಯಾಲೋ ಅನ್ನೋ ಮೆತ್ತನೆ ಮಿಠಾಯಿಯ ಹಲ್ಲು ಇಡೋಣ ಅಂತಿದ್ದ ಪ್ಲಾನ್, ಮಾರ್ಷ್‌ಮ್ಯಾಲೋಗೆ ಜೆಲಟಿನ್ ಹಾಕ್ತಾರೆ, ಅದು ಪ್ರಾಣಿಯದ್ದು ಅಂತ ಹೆಂಡ್ತಿ ಮೀಟಿಂಗ್ ಮಧ್ಯದಿಂದಲೇ ಮೆಸೇಜ್ ಹಾಕಿದ ಮೇಲೆ ಅಲ್ಲಿಗೇ ನಿಂತಿತು.

ಐದು ಗಂಟೆಗೆ ಕತ್ತಲೆ ಕವಿಯೋಕೆ ಮುಂಚೆ ಹೊರಟ್ವಿ. ಅಸ್ಥಿಪಂಜರದ ಮೇಲೆ ದಪ್ಪ ಜಾಕೆಟ್, ಮಾಟಗಾತಿಯ ಮೇಲೆ ದಪ್ಪ ಜಾಕೆಟ್, ಇಷ್ಟು ದಿನ ಕಷ್ಟಪಟ್ಟ ವೇಷ ಯಾರಿಗೂ ಕಾಣಲೇ ಇಲ್ಲ, ಪ್ರತಿ ವರ್ಷದ ಗೋಳು ಇದು. ಅಮ್ಮ ಮನೆಯಲ್ಲೇ ಉಳಿದು, ಬಾಗಿಲಲ್ಲಿ ಎರಡು ಹಣತೆ ಹಚ್ಚಿ ಕುಂಬಳಕಾಯಿ ಪಕ್ಕ ಇಟ್ಟು, ಬಂದ ಮಕ್ಕಳಿಗೆಲ್ಲಾ ಚಾಕ್ಲೆಟ್ ಹಂಚಿದ್ಲಂತೆ. ಒಬ್ಬ ಚಿಕ್ಕ ಡ್ರ್ಯಾಕುಲಾಗೆ ಕಜ್ಜಾಯ ಕೊಡೋಕೆ ಹೋಗಿದ್ಲಂತೆ, ಅವರಮ್ಮ ನಗ್ತಾ ಬೇಡ ಅಂದ್ರಂತೆ.

ವಾಪಸ್ ಬಂದಾಗ ತಟ್ಟೆಯಲ್ಲಿ ಆರು ದೆವ್ವ, ನಾಲ್ಕು ಕುಂಬಳಕಾಯಿ ಉಳಿದಿತ್ತು. ನಿಂಬೆರಸ ಸವರಿದ್ರೆ ಬಾಳೆಹಣ್ಣು ಅಷ್ಟು ಬೇಗ ಕಪ್ಪಾಗಲ್ಲ ಅಂತ ಗೊತ್ತಿದ್ದೂ ಸವರೋದು ಮರೆತಿದ್ದೆ, ದೆವ್ವಗಳು ಕಂದು ಬಣ್ಣಕ್ಕೆ ತಿರುಗಿ ಒಂದರ ಮೇಲೊಂದು ಒರಗಿಕೊಂಡಿದ್ವು, ಆಗ ನಿಜವಾಗ್ಲೂ ಸ್ವಲ್ಪ ಹೆದರಿಕೆ ಆಗ್ತಿತ್ತು. ಬೆಳಗ್ಗೆ ಬಿಸಾಕಿದ್ರಾಯ್ತು ಅಂತ ಮಲಗಿದೆ.

ಬೆಳಗ್ಗೆ ಎದ್ದು ನೋಡಿದ್ರೆ ತಟ್ಟೆ ತೊಳೆದು ಬೋರಲು ಹಾಕಿದೆ. ಅಮ್ಮ ಆರು ದೆವ್ವನೂ ಕಿವುಚಿ, ಕಿತ್ತಳೆ ತೊಳೆ ಬಿಡಿಸಿ ಹಾಕಿ, ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ ದೊಡ್ಡ ಬಟ್ಟಲಲ್ಲಿ ರಸಾಯನ ಮಾಡಿಟ್ಟಿದ್ಲು. ಮಗ ಚಮಚದಲ್ಲಿ ಕೆದಕಿ ಕೆದಕಿ ಏನೋ ಹುಡುಕ್ತಿದ್ದ. ಏನೋ ಅದು, ಸುಮ್ನೆ ತಿನ್ನಬಾರ್ದಾ ಅಂದೆ. ತಡಿ ಅಪ್ಪ, ಅಂದ, ಅಕ್ಕಂಗೆ ಎರಡು ಕಣ್ಣು ಬಂದಿದೆ, ನಂಗೆ ಒಂದೂ ಬಂದಿಲ್ಲ.